ಯಾರ ಮಾತಿಗೆ ಯಾವ ಬಣ್ಣ

ಹಳೆಯ ಗ್ರಂಥಗಳನ್ನು ಸಂಪಾದಿಸುವವರಿಗೆ ಪ್ರಕ್ಷೇಪವೆಂಬುದು ಚಿರಪರಿಚಿತವಾದ ಪೀಡೆ. ಓದಿದವನೊಬ್ಬ ಅಂಚಿನಲ್ಲಿ ತನ್ನದೊಂದು ಮಾತು ಬರೆದಿಡುತ್ತಾನೆ. ಮುಂದಿನ ಲಿಪಿಕಾರ ಅದನ್ನೂ ಮೂಲವೆಂದೇ ಬಗೆದು ಒಳಕ್ಕೆ ಸೇರಿಸಿಬಿಡುತ್ತಾನೆ. ಈ ಪೀಡೆ ಮಿಂಚಂಚೆಯಲ್ಲಿಯೂ ಉಂಟೆಂದರೆ ಓದುಗರು ನಗಬಹುದು. ನಾನು ನಗುವ ಸ್ಥಿತಿಯಲ್ಲಿಲ್ಲ.

ಹಿರಿಯ ಮಿತ್ರರೊಬ್ಬರ ಸಂಪಾದನೆಯನ್ನು ಹಳಿದು ಯಾರೋ ನನಗೆ ಬರೆದಿದ್ದರು. ಅದನ್ನು ಖಂಡಿಸಬೇಕೆಂದೇ ಆ ಸಾಲುಗಳನ್ನು ಉದ್ಧರಿಸಿ ಮಿತ್ರರಿಗೆ ಪತ್ರ ಬರೆದೆ. ಅಂದಗೊಳಿಸುವ ಭರದಲ್ಲಿ ಸಾಲುಗಳ ಮೊದಲಿದ್ದ ಗುರುತುಗಳು ಅಳಿಸಿಹೋದವು. ನಿಂದೆ ನನ್ನದೇ ಆಗಿ ಅವರನ್ನು ಮುಟ್ಟಿತು. ಎರಡು ತಿಂಗಳು ಮಾತಿಲ್ಲ.

ಆ ಗುರುತೆಂದರೆ ಬಲಕ್ಕೆ ಮೂತಿ ಚಾಚಿದ ಬಾಣದ ತುದಿ, ‘>’. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ವಿದ್ವಾಂಸ ಅರಿಸ್ಟಾರ್ಕಸನು ಹೋಮರನ ಕಾವ್ಯದ ಅಂಚಿನಲ್ಲಿ, ಗಮನಿಸತಕ್ಕ ಸಾಲುಗಳ ಪಕ್ಕಕ್ಕೆ, ಇದೇ ಆಕಾರದ ಚಿಹ್ನೆ ಇಡುತ್ತಿದ್ದನು. ಅದಕ್ಕೆ ‘ಡಿಪ್ಲೆ’ ಎಂದು ಹೆಸರು. ಮುಂದೆ ಕ್ರೈಸ್ತ ಲಿಪಿಕಾರರು ಧರ್ಮಗ್ರಂಥದಿಂದ ಉದ್ಧರಿಸಿದ ಸಾಲುಗಳಿಗೆ ಅದನ್ನು ಬಳಸಿದರು. ಮಿಂಚಂಚೆಯ ಬಾಣಕ್ಕೂ ಅದಕ್ಕೂ ರಕ್ತಸಂಬಂಧ ಕಟ್ಟಬೇಕಾಗಿಲ್ಲ. ಕೆಲಸ ಮಾತ್ರ ಒಂದೇ.

ರೇ ಟಾಮ್ಲಿನ್‌ಸನ್ ೧೯೭೧ರಲ್ಲಿ ಒಂದು ಗಣಕದಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳಿಸಿದನಷ್ಟೆ. ಉತ್ತರಕ್ಕೆ ಉತ್ತರ ಬೆಳೆದಂತೆ ಬಾಣಗಳೂ ಬೆಳೆದವು: ಒಂದು ಬಾಣವೆಂದರೆ ನೀವು ಹೇಳಿದ್ದು, ಎರಡೆಂದರೆ ಅದಕ್ಕೂ ಮೊದಲು ನಾನು ಹೇಳಿದ್ದು. ಸಾಲಿನ ಮೊದಲಿನ ಬಾಣಗಳನ್ನೆಣಿಸಿ ಉದ್ಧರಣೆಯ ಆಳ ತಿಳಿಯಬೇಕೆಂಬ ಕ್ರಮ ೨೦೦೪ರ ಅಂತರ್ಜಾಲ ನಿಯಮಪತ್ರವೊಂದರಲ್ಲಿಯೂ ಉಂಟು. ಆದರೆ ಎಣಿಸುವ ತಾಳ್ಮೆ ಯಾರಿಗಿದೆ?

ಇಲ್ಲಿಯೇ ಬಣ್ಣ ಬರುವುದು. ನೆದರ್ಲೆಂಡ್ಸಿನ ಬ್ರಾಮ್ ಮೋಲೆನಾರ್ ೧೯೯೧ರಲ್ಲಿ ಹೊರತಂದ ‘ವಿಮ್’ ಎಂಬ ಬರಹದ ಎಡಿಟರಿಗೆ ೧೯೯೮ರ ಐದನೆಯ ಆವೃತ್ತಿಯಲ್ಲಿ ಬರಹದ ಭಾಗಗಳನ್ನು ಗುರುತಿಸಿ ಬಣ್ಣ ಹಚ್ಚುವ ವಿದ್ಯೆ ಬಂದಿತು. ಅದು ಹೆಚ್ಚಾಗಿ ಪ್ರೋಗ್ರಾಮು ಬರೆಯುವವರಿಗಾಗಿ. ಆದರೂ ಪತ್ರಕ್ಕೂ ಅದರಲ್ಲಿ ಒಂದು ವ್ಯಾಕರಣವಿದೆ. ತಲೆಬರಹ ಬೇರೆ, ಸಹಿ ಬೇರೆ, ಉದ್ಧರಣೆಯಲ್ಲಿ ಆರು ಮಟ್ಟದವರೆಗೆ ಬೇರೆ ಬೇರೆ ಹೆಸರು. ಒಗ್ಗದ ಬಣ್ಣವನ್ನು ಬದಲಿಸಲು ನಮ್ಮ ಸಿದ್ಧತೆಯ ಕಡತದಲ್ಲಿ ಮಟ್ಟಕ್ಕೊಂದು ಸಾಲು ಬರೆದರೆ ಸಾಕು. ಮೊದಲ ಮಟ್ಟಕ್ಕೆ ನಾನು ಕಾವಿ ಬಣ್ಣ ಇಟ್ಟುಕೊಂಡೆ, ಎರಡನೆಯದಕ್ಕೆ ನೀಲಿ, ಅದರಾಚೆಯದೆಲ್ಲ ಬೂದಿ. ಕಪ್ಪು ನನ್ನ ಮಾತಿಗೆ ಮಾತ್ರ. ಪರರ ವಾಕ್ಯ ಕಪ್ಪಾಗಿ ಕಂಡಿತೋ, ಬಾಣ ಬಿದ್ದುಹೋಗಿದೆಯೆಂದೇ ಅರ್ಥ.

ಒಂದು ಮಾತು ಮರೆಯಬಾರದು. ಈ ಬಣ್ಣ ಪತ್ರದ ಜೊತೆ ಹೋಗುವುದಿಲ್ಲ. ಅದು ಬರೆಯುವವನ ತೆರೆಯ ಮೇಲೆಯೇ ಉಳಿಯುತ್ತದೆ; ಹೋಗುವುದು ಬರಿಯ ಬಾಣ.

ಇದನ್ನೆಲ್ಲ ವಿವರಿಸಿ, ಕ್ಷಮೆ ಕೇಳಿ, ಮಿತ್ರರಿಗೆ ಬರೆದೆ. “ಆಗಲಿ” ಎಂದೊಂದೇ ಮಾತಿನ ಉತ್ತರ ಬಂತು. ಕೆಳಗೆ ನನ್ನ ಇಡೀ ಪತ್ರವನ್ನು ಉಳಿಸಿದ್ದರು, ಒಂದು ಬಾಣವೂ ಇಲ್ಲದೆ.