ಓದುಗನ ಕೈತಪ್ಪಿದ ಬ್ಯಾಟರಿ

1998ರಲ್ಲಿ ಅಮೆರಿಕದ ನುವೊಮೀಡಿಯಾ ಕಂಪನಿ ‘ರಾಕೆಟ್ ಇ-ಬುಕ್’ ಎಂಬ ಓದುವ ಸಾಧನವನ್ನು ಮಾರುಕಟ್ಟೆಗೆ ತಂದಿತು. ಎಲ್‌ಸಿಡಿ ಪರದೆ, ಹಿಂದಿನಿಂದ ಬೆಳಕು. ತೂಕ ಅರ್ಧ ಕಿಲೋಗಿಂತ ಹೆಚ್ಚು. ಪರದೆ ಬೆಳಗುತ್ತಿರುವಷ್ಟು ಹೊತ್ತೂ ಬ್ಯಾಟರಿ ಕರಗುತ್ತಲೇ ಇರುತ್ತಿತ್ತು. ಇದನ್ನು ಕಟ್ಟಿದ ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್ ಮುಂದೆ 2003ರಲ್ಲಿ ಟೆಸ್ಲಾ ಮೋಟರ್ಸ್ ಸ್ಥಾಪಿಸಿದರು. ಪುಸ್ತಕ ಓದಿಸಲು ಹೊರಟವರು ಬ್ಯಾಟರಿಯ ಬೆನ್ನುಹತ್ತಿ ಕಾರು ಮಾಡುವವರಾದರು!

ಓದುವ ಸಾಧನಕ್ಕೆ ಈ ಬ್ಯಾಟರಿ ಕಾಟದಿಂದ ಬಿಡುಗಡೆ ಕೊಟ್ಟಿದ್ದು ಹೊಸ ಬಗೆಯ ಪರದೆ. ಇ-ಇಂಕ್ ಪರದೆಯಲ್ಲಿ ಕಪ್ಪು-ಬಿಳಿ ಬಣ್ಣದ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಮೇಲೆ-ಕೆಳಗೆ ಸರಿದು ಅಕ್ಷರವಾಗುತ್ತವೆ. ಆಮೇಲೆ ಅಲ್ಲೇ ನಿಲ್ಲುತ್ತವೆ. ಹಾಗಾಗಿ ಪರದೆಗೆ ಶಕ್ತಿ ಬೇಕಾಗುವುದು ಪುಟ ತಿರುಗುವಾಗ ಮಾತ್ರ.

2004ರಲ್ಲಿ ಜಪಾನಿನಲ್ಲಿ ಬಂದ ಸೋನಿ ‘ಲಿಬ್ರಿಯೆ’ ಇದನ್ನು ಮನದಟ್ಟು ಮಾಡಿಸಿತು. ರಿಮೋಟಿಗೆ ಹಾಕುವಂಥ ನಾಲ್ಕು ಎಎಎ ಸೆಲ್‌ಗಳಲ್ಲಿ ಸುಮಾರು 10,000 ಪುಟ ತಿರುಗಿಸಬಹುದೆಂದು ಕಂಪನಿ ಹೇಳಿಕೊಂಡಿತ್ತು. ಸೆಲ್ ಮುಗಿದರೆ ಬೀದಿ ಬದಿಯ ಅಂಗಡಿ ಸಾಕು, ಚಾರ್ಜರ್ ಬೇಕಿಲ್ಲ. ಓದುವವನಿಗೆ ಇದಕ್ಕಿಂತ ಹೆಚ್ಚಿನ ಸ್ವಾತಂತ್ರ್ಯ ಮುಂದೆಂದೂ ಸಿಗಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ.

ಆ ಸೆಲ್‌ಗಳಿಗೂ ತಮ್ಮದೇ ತೊಂದರೆಯಿತ್ತು. ಹಳೆಯ ಟಾರ್ಚು, ಟ್ರಾನ್ಸಿಸ್ಟರ್ ಇಟ್ಟುಕೊಂಡವರಿಗೆಲ್ಲ ಅದು ಗೊತ್ತು. ಆಲ್ಕಲೈನ್ ಸೆಲ್ಲನ್ನು ತೆಗೆಯದೆ ಬಿಟ್ಟರೆ ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಿ, ಗಾಳಿ ತಾಗಿ, ಸ್ಪ್ರಿಂಗಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ತಾಮ್ರ ಇದ್ದ ಕಡೆ ಹಸಿರುಗಟ್ಟುತ್ತದೆ. ಸೆಲ್ ಹೊಸದಾದರೂ ಸಂಪರ್ಕ ಇಲ್ಲ. ಹತ್ತಿಗೆ ಎರಡು ಹನಿ ವಿನೆಗರ್ ಹಾಕಿ ಒರೆಸಿ, ಚೆನ್ನಾಗಿ ಒಣಗಿಸಿದರೆ ಎಷ್ಟೋ ಸಲ ಸಾಧನಕ್ಕೆ ಮತ್ತೆ ಜೀವ ಬರುತ್ತದೆ. ರಿಪೇರಿ ಓದುಗನ ಕೈಯಲ್ಲೇ ಇತ್ತು.

ಸಾಧನ ತೆಳ್ಳಗಾಗಬೇಕೆಂಬ ಹಂಬಲದಲ್ಲಿ ದುಂಡು ಸೆಲ್ಲಿಗೆ ಜಾಗ ಉಳಿಯಲಿಲ್ಲ. ಚೀಲದಂಥ ಚಪ್ಪಟೆ ಲಿಥಿಯಂ ಬ್ಯಾಟರಿ ಬಂತು, ಸ್ಪ್ರಿಂಗಿನ ಬದಲು ಪುಟ್ಟ ಪ್ಲಗ್ ಬಂತು. 2007ರ ಮೊದಲ ಕಿಂಡಲ್‌ನಲ್ಲಿ ಬೆನ್ನಿನ ಮುಚ್ಚಳ ಸರಿಸಿ ಬ್ಯಾಟರಿ ಬದಲಿಸಬಹುದಿತ್ತು. 2009ರ ಎರಡನೇ ಕಿಂಡಲ್ ಹೊತ್ತಿಗೆ ಆ ಬಾಗಿಲು ಮುಚ್ಚಿತು. ಪರದೆ, ಗುಂಡಿಗಳೆಲ್ಲ ಗಟ್ಟಿಮುಟ್ಟಾಗಿದ್ದೂ ಬ್ಯಾಟರಿ ಸತ್ತಿತೆಂಬ ಒಂದೇ ಕಾರಣಕ್ಕೆ ಸಾಧನ ಮೂಲೆ ಸೇರುವುದು ನಿಜಕ್ಕೂ ಅನ್ಯಾಯ. ಅದರಲ್ಲೂ ತಿಂಗಳುಗಟ್ಟಲೆ ಖಾಲಿ ಬಿಟ್ಟ ಲಿಥಿಯಂ ಬ್ಯಾಟರಿ ಮತ್ತೆ ಚಾರ್ಜ್ ಹಿಡಿಯದೇ ಹೋಗಬಹುದು.

ಗಾಳಿ ಈಗ ತಿರುಗುತ್ತಿದೆ. 2024ರಲ್ಲಿ ಕೋಬೊ ತನ್ನ ಹೊಸ ರೀಡರ್‌ಗಳನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳಲೆಂದು ರಿಪೇರಿ ಕೈಪಿಡಿ, ಬಿಡಿಭಾಗ ಒದಗಿಸುವ ಐಫಿಕ್ಸಿಟ್ ಕಂಪನಿಯ ಜೊತೆ ಕೈಜೋಡಿಸಿತು. ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ಕಾನೂನಿನ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಸಾಧನಗಳ ಬ್ಯಾಟರಿಯನ್ನು ಬಳಕೆದಾರನೇ ಸುಲಭವಾಗಿ ತೆಗೆದು ಬದಲಿಸುವಂತಿರಬೇಕು. ಈಗಾಗಲೇ ಅಂಟು ಹಾಕಿ ಮುಚ್ಚಿದ ಹಳೆಯ ರೀಡರ್‌ಗಳಿಗೆ ಮಾತ್ರ ಅಂಚನ್ನು ಹದವಾಗಿ ಬಿಸಿ ಮಾಡಿ, ತೆಳು ಪ್ಲಾಸ್ಟಿಕ್ ತೂರಿಸಿ, ಪರದೆ ಒಡೆಯದಂತೆ ಬಿಡಿಸುವ ಪಳಗಿದ ಕೈಯೇ ಬೇಕು.