ಸೇತುವೆ ಕುಸಿದದ್ದು ಯಾರ ಲೆಕ್ಕದಿಂದ?

1907ರ ಆಗಸ್ಟ್ 29ರ ಸಂಜೆ ಕೆನಡಾದ ಕ್ವಿಬೆಕ್ ನಗರದ ಬಳಿ, ಸೇಂಟ್ ಲಾರೆನ್ಸ್ ನದಿಗೆ ಕಟ್ಟುತ್ತಿದ್ದ ರೈಲ್ವೆ ಸೇತುವೆಯ ದಕ್ಷಿಣ ಭಾಗ ಕೆಲವೇ ಕ್ಷಣಗಳಲ್ಲಿ ಕುಸಿದುಬಿತ್ತು. ಅದರ ಮೇಲಿದ್ದ 86 ಕೆಲಸಗಾರರಲ್ಲಿ 75 ಮಂದಿ ಸತ್ತರು. ಅವರಲ್ಲಿ 33 ಮಂದಿ ಕಾನವಾಕೆಯ ಮೋಹಾಕ್ ಬುಡಕಟ್ಟಿನವರು. ಬಿರುಗಾಳಿ ಬೀಸಿರಲಿಲ್ಲ, ಭೂಮಿ ನಡುಗಿರಲಿಲ್ಲ. ಸೇತುವೆ ತನ್ನದೇ ಭಾರ ತಾಳಲಾರದೆ ಬಿದ್ದಿತ್ತು.

ಈ ಬಗೆಯ ಸೇತುವೆಯ ತತ್ವ ನಮ್ಮ ಬಾವಿಯ ಏತದಂಥದ್ದು. ನದಿಯ ಮೇಲೆ ಚಾಚಿದ ತೋಳನ್ನು ದಡದ ಕಡೆಯ ತೋಳು ಹಿಡಿದಿಡುತ್ತದೆ. ಎರಡೂ ಉಕ್ಕಿನ ತೊಲೆಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟುಗಳು. ಚೌಕಟ್ಟು ನಿಲ್ಲಬೇಕಾದರೆ ಪ್ರತಿ ಕೀಲಿನಲ್ಲೂ ಎಳೆಯುವ, ತಳ್ಳುವ ಬಲಗಳು ಒಂದನ್ನೊಂದು ಸರಿದೂಗಿಸಬೇಕು. ಕೀಲಿನಿಂದ ಕೀಲಿಗೆ ಈ ಲೆಕ್ಕ ಹಾಕುತ್ತ ಹೋದರೆ ಯಾವ ತೊಲೆ ಎಷ್ಟು ಬಲ ಹೊರುತ್ತದೆಂದು ತಿಳಿಯುತ್ತದೆ. ಅಮೆರಿಕದ ಸ್ಕ್ವೈರ್ ವಿಪ್ಪಲ್ 1847ರಲ್ಲೇ ಈ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದ್ದರು. ಅಂದರೆ ವಿದ್ಯೆಗೆ ಕೊರತೆ ಇರಲಿಲ್ಲ.

ಆದರೆ ಈ ಲೆಕ್ಕ ಶುರುವಾಗುವುದೇ ಭಾರದಿಂದ. 1900ರಲ್ಲಿ ಮುಖ್ಯ ಕಂಬಗಳ ನಡುವಿನ ಅಂತರವನ್ನು 1,600 ಅಡಿಯಿಂದ 1,800 ಅಡಿಗೆ ಹೆಚ್ಚಿಸಲಾಯಿತು. ಉದ್ದ ಬೆಳೆಯಿತು, ಸೇತುವೆಯ ಸ್ವಂತ ಭಾರದ ಅಂದಾಜು ಮಾತ್ರ ಹಳೆಯದೇ ಉಳಿಯಿತು. ತಪ್ಪು ಬೆಳಕಿಗೆ ಬಂದಾಗ ಬಹಳಷ್ಟು ಉಕ್ಕು ಸಿದ್ಧವಾಗಿಬಿಟ್ಟಿತ್ತು. ಸಲಹಾ ಇಂಜಿನಿಯರ್ ಥಿಯೊಡೋರ್ ಕೂಪರ್ ಪರವಾಗಿಲ್ಲ ಎಂದು ಒಪ್ಪಿಕೊಂಡರು. ಅನಾರೋಗ್ಯದಿಂದಾಗಿ ಅವರು ನ್ಯೂಯಾರ್ಕಿನಲ್ಲೇ ಇದ್ದರು.

1907ರ ಬೇಸಿಗೆಯಲ್ಲಿ ಕೆಳಗಿನ ತೊಲೆಗಳು ಬಾಗತೊಡಗಿದವು. ಸ್ಥಳದಲ್ಲಿದ್ದ ಯುವ ಇಂಜಿನಿಯರ್ ನಾರ್ಮನ್ ಮೆಕ್ಲೂರ್ ಅಳತೆ ತೆಗೆದುಕೊಂಡು ಕೂಪರ್ ಬಳಿಗೆ ಧಾವಿಸಿದರು. ಇನ್ನು ಭಾರ ಹೇರಬೇಡಿ ಎಂದು ಕೂಪರ್ ತಂತಿ ಕಳಿಸಿದರು. ತಂತಿ ಹೋದದ್ದು ಸೇತುವೆಯ ಬಳಿಗಲ್ಲ, ಪೆನ್ಸಿಲ್ವೇನಿಯಾದಲ್ಲಿದ್ದ ಕಂಪನಿಯ ಕಚೇರಿಗೆ. ಮೇಲಿದ್ದ ಕೆಲಸಗಾರರಿಗೆ ಆ ಮಾತು ಮುಟ್ಟಲೇ ಇಲ್ಲ.

ಕೆಳಗಿನ ತೊಲೆಗಳ ಬಿಡಿ ಭಾಗಗಳನ್ನು ಬಿಗಿದಿದ್ದ ಪಟ್ಟಿಗಳೂ ದುರ್ಬಲವಾಗಿದ್ದವೆಂದು ತನಿಖಾ ಆಯೋಗ 1908ರಲ್ಲಿ ಹೇಳಿತು. ಮತ್ತೆ ಕಟ್ಟುವಾಗ, 1916ರಲ್ಲಿ, ನಡುಭಾಗ ನದಿಗೆ ಬಿದ್ದು ಇನ್ನೂ 13 ಮಂದಿ ಸತ್ತರು. 1917ರಲ್ಲಿ ಮುಗಿದ ಆ ಸೇತುವೆ ಇಂದಿಗೂ ನಿಂತಿದೆ.

ಸೇತುವೆ ಬಿದ್ದಾಗಲೆಲ್ಲ ನಾವು ಸಿಮೆಂಟನ್ನೋ ಉಕ್ಕನ್ನೋ ದೂರುತ್ತೇವೆ. ಕ್ವಿಬೆಕ್ಕಿನಲ್ಲಿ ಸಮತೋಲದ ಸೂತ್ರ ಸುಳ್ಳಾಗಲಿಲ್ಲ. ಅದಕ್ಕೆ ಕೊಟ್ಟ ಅಂಕಿ ಸುಳ್ಳಾಗಿತ್ತು. ಗೊತ್ತಾದ ಮೇಲೂ ಅದನ್ನು ತಿದ್ದಲಿಲ್ಲ. ಲೆಕ್ಕ ಹಾಕಿದವರು ದೂರದ ಕಚೇರಿಗಳಲ್ಲಿದ್ದರು, ಬೆಲೆ ತೆತ್ತವರು ಸೇತುವೆಯ ಮೇಲಿದ್ದರು. ಕಾನವಾಕೆಯಲ್ಲಿ ಅವರ ನೆನಪಿಗೆ ಉಕ್ಕಿನ ತೊಲೆಗಳಿಂದಲೇ ಮಾಡಿದ ಶಿಲುಬೆಗಳಿವೆ.