ಏಕವಿಹಾರವೂ ನಿರ್ಯಾಪಕರ ಅನ್ವೇಷಣೆಯೂ

ದಿಗಂಬರ ಮುನಿಯ ಬಾಳೆಲ್ಲ ಕಾಲ್ನಡಿಗೆಯದೇ ಆಗಿದ್ದರೂ, ಒಬ್ಬನೇ ದೂರದ ದಾರಿಗೆ ಹೊರಡುವ ವಿಷಯದಲ್ಲಿ ನಮ್ಮ ಆಚಾರಗ್ರಂಥಗಳು ಮೇಲುನೋಟಕ್ಕೆ ಎರಡು ಮಾತನ್ನು ಆಡುತ್ತವೆ. ವಟ್ಟಕೇರಾಚಾರ್ಯರ ಮೂಲಾಚಾರವು ಏಕವಿಹಾರವನ್ನು ಬಹುಮಟ್ಟಿಗೆ ನಿಷೇಧಿಸುತ್ತದೆ. ಶಿವಾರ್ಯರ ಭಗವತೀ ಆರಾಧನೆಯಾದರೋ, ಸಮಾಧಿಮರಣವನ್ನು ಬಯಸುವ ಆಚಾರ್ಯನು ತನ್ನ ಗಣವನ್ನು ತೊರೆದು, ತಕ್ಕ ನಿರ್ಯಾಪಕರನ್ನು ಅರಸುತ್ತ 500, 600, 700 ಯೋಜನಗಳಷ್ಟು ಅಥವಾ ಅದಕ್ಕೂ ಮಿಗಿಲಾದ ದೂರವನ್ನು ನಡೆಯಬಹುದೆಂದು ವಿಧಿಸುತ್ತದೆ. ಈ ಎರಡು ವಿಧಿಗಳು ಪರಸ್ಪರ ವಿರುದ್ಧವೇ? ಈ ಪ್ರಶ್ನೆ ಕೇವಲ ಆಚಾರಶಾಸ್ತ್ರಕ್ಕೆ ಸಂಬಂಧಿಸಿದುದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪ್ರಾಚೀನ ಶಾಸನಗಳಲ್ಲಿ ಮುಡಿಪಿದವರನ್ನು ದೂರದೂರದಿಂದ ಒಂಟಿಯಾಗಿ ನಡೆದುಬಂದ ಯಾತ್ರಿಕರೆಂದು ವರ್ಣಿಸುವ ಪರಿಪಾಠ ಕೆಲವು ಬರಹಗಳಲ್ಲಿ ಕಾಣುತ್ತದೆ. ಆ ವರ್ಣನೆಗೆ ಶಾಸ್ತ್ರದ ಆಧಾರ ಎಷ್ಟರಮಟ್ಟಿಗಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಮೂಲಾಚಾರ. ಅದರ ಹನ್ನೆರಡು ಅಧಿಕಾರಗಳಲ್ಲಿ ನಾಲ್ಕನೆಯದಾದ ಸಮಾಚಾರಾಧಿಕಾರದಲ್ಲಿ ಈ ವಿಷಯ ಬರುತ್ತದೆ. ತನ್ನ ಗುರುವಿನ ಬಳಿ ಕಲಿಯಬೇಕಾದ ಶ್ರುತವನ್ನೆಲ್ಲ ಕಲಿತು ಮುಗಿಸಿದ ಶಿಷ್ಯನು ಮತ್ತೊಬ್ಬ ಆಚಾರ್ಯನ ಸನ್ನಿಧಿಗೆ ಹೋಗಬಯಸಿದಾಗ, ಗುರುವಿನ ಅನುಮತಿಯನ್ನು ಒಮ್ಮೆ ಕೇಳಿದರೆ ಸಾಲದು. ಮೂರು, ಐದು ಅಥವಾ ಆರು ಸಲ ಕೇಳಬೇಕು. ಅನುಮತಿ ದೊರೆತ ಬಳಿಕವೂ ಅವನು ಒಬ್ಬನೇ ಹೊರಡುವಂತಿಲ್ಲ. ತಾನು ನಾಲ್ಕನೆಯವನಾಗಿ, ಇಲ್ಲವೆ ಮೂರನೆಯವನಾಗಿ, ಕಡೆಯ ಪಕ್ಷ ಎರಡನೆಯವನಾಗಿ ಹೊರಡಬೇಕು. ಅನಂತರವೇ ಏಕವಿಹಾರಿಯ ಲಕ್ಷಣ ಹೇಳಲ್ಪಟ್ಟಿದೆ: ತಪಸ್ಸು, ಸೂತ್ರಜ್ಞಾನ, ಸತ್ತ್ವ, ಏಕತ್ವಭಾವನೆ, ಶುಭಪರಿಣಾಮ, ಉತ್ತಮ ಸಂಹನನ, ಧೃತಿ ಇವೆಲ್ಲವೂ ಕೂಡಿದ, ದೀಕ್ಷೆಯಲ್ಲಿಯೂ ಆಗಮದಲ್ಲಿಯೂ ಬಲಿತವನಿಗೆ ಮಾತ್ರ ಅದು ಸಲ್ಲುತ್ತದೆ. ಇವಿಲ್ಲದೆ ತನ್ನ ಇಚ್ಛೆಯಂತೆ ತಿರುಗುವವನ ವಿಷಯದಲ್ಲಿ ಗ್ರಂಥಕಾರರ ಕಟುತ್ವ ಎಷ್ಟೆಂದರೆ, ತಮ್ಮ ವೈರಿಗೂ ಅಂಥ ಒಂಟಿತನ ಬೇಡವೆನ್ನುವಷ್ಟು.

ಏಕೆ ಬೇಡವೆಂಬುದಕ್ಕೆ ಕೊಟ್ಟಿರುವ ಕಾರಣಗಳಲ್ಲಿ ಎರಡು ಪದರಗಳಿವೆ. ಒಂದು ಸಂಘಕ್ಕೆ ಸಂಬಂಧಿಸಿದುದು: ಗುರುವಿಗೆ ಅಪವಾದ, ಶ್ರುತದ ವಿಚ್ಛೇದ, ತೀರ್ಥಕ್ಕೆ ಮಾಲಿನ್ಯ. ಇನ್ನೊಂದು ನೇರವಾಗಿ ದಾರಿಗೆ ಸಂಬಂಧಿಸಿದುದು: ಮುಳ್ಳು, ಮೋಟುಗೂಟ, ಹಗೆಗಳು, ನಾಯಿ, ಎತ್ತು, ಹಾವು, ಮ್ಲೇಚ್ಛರು, ವಿಷ, ವಿಷೂಚಿಕೆ. ಈ ಪಟ್ಟಿಯನ್ನು ಓದುವಾಗ ಇದನ್ನು ಬರೆದವರು ದಾರಿಯನ್ನು ನಡೆದು ಬಲ್ಲವರೆಂಬುದರಲ್ಲಿ ಸಂದೇಹ ಉಳಿಯದು. ಮೋಟುಗೂಟವು ಬರಿಗಾಲಿನವನ ಅನುಭವ. ಗ್ರಂಥಾಂತರದಿಂದ ಎತ್ತಿಕೊಂಡ ಅಲಂಕಾರವಲ್ಲ.

ಇನ್ನು ಭಗವತೀ ಆರಾಧನೆ. ಕನ್ನಡದ ಓದುಗರಿಗೆ ಈ ಗ್ರಂಥದ ಪರಿಚಯವಾಗುವುದು ಸಾಮಾನ್ಯವಾಗಿ ವಡ್ಡಾರಾಧನೆಯ ಮೂಲಕ. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಪ್ರಕಟಿಸಿದ ಆ ಕೃತಿಯ ಹತ್ತೊಂಬತ್ತು ಕಥೆಗಳ ಮೊದಲ ಗಾಹೆಗಳಿಗೂ ಆರಾಧನೆಗೂ ಇರುವ ಸಂಬಂಧ ವಿದ್ವಾಂಸರಿಗೆ ತಿಳಿದದ್ದೇ; ಆರಾಧನಾ ಸಾಹಿತ್ಯದ ಒಟ್ಟು ವಿಸ್ತಾರವನ್ನು ಆ. ನೇ. ಉಪಾಧ್ಯೆಯವರು ಬೃಹತ್ಕಥಾಕೋಶದ 1943ರ ಆವೃತ್ತಿಯ ಪೀಠಿಕೆಯಲ್ಲಿ ತೋರಿಸಿಕೊಟ್ಟಿದ್ದಾರೆ. ಆದರೆ ಆ ಗಾಹೆಗಳು ಬರುವುದು ಕ್ಷಪಕನು ಸಂಸ್ತರವನ್ನು ಏರಿದ ಮೇಲೆ ಅವನಿಗೆ ಧೈರ್ಯ ತುಂಬುವ ಕವಚಾಧಿಕಾರದಲ್ಲಿ. ಸಂಸ್ತರದವರೆಗಿನ ದಾರಿಯನ್ನು ಹೇಳುವ ಭಾಗ ಅದಕ್ಕಿಂತ ಬಹಳ ಹಿಂದೆ ಇದ್ದು, ಕಥೆಗಳ ಆಕರ್ಷಣೆಯಲ್ಲಿ ಮರೆಯಾಗಿ ಹೋಗಿದೆ.

ಆ ಭಾಗದ ಕ್ರಮವನ್ನು ಗಮನಿಸಬೇಕು. ಆಚಾರ್ಯನು ಮೊದಲು ತನ್ನ ಸ್ಥಾನಕ್ಕೆ ತಕ್ಕವನನ್ನು ನಿಯಮಿಸುತ್ತಾನೆ. ಬಾಲವೃದ್ಧರೆಲ್ಲ ಕೂಡಿದ ಗಣದ ಕ್ಷಮೆಯನ್ನು ಬೇಡುತ್ತಾನೆ. ಹೊಸ ಆಚಾರ್ಯನಿಗೂ ಗಣಕ್ಕೂ ಅನುಶಾಸನವನ್ನು ಕೊಡುತ್ತಾನೆ. ಆಮೇಲೆಯೇ ಪರಗಣಕ್ಕೆ ಹೊರಡುತ್ತಾನೆ. ಬೆಳೆಸಿದ ಗಣದ ನಡುವೆಯೇ ಏಕೆ ಪ್ರಾಣ ಬಿಡಬಾರದು? ಶಿವಾರ್ಯರು ಒಂಬತ್ತು ದೋಷಗಳನ್ನು ಎಣಿಸುತ್ತಾರೆ: ಆಜ್ಞಾಕೋಪ, ಪರುಷವಚನ, ಕಲಹ, ಪರಿತಾಪ, ನಿರ್ಭಯತೆ, ಸ್ನೇಹ, ಕಾರುಣ್ಯ, ಧ್ಯಾನವಿಘ್ನ, ಅಸಮಾಧಿ. ನಿನ್ನೆಯವರೆಗೆ ತನ್ನ ಆಜ್ಞೆಯಲ್ಲಿದ್ದವರು ಇಂದು ಮಾತು ಮೀರಿದರೆ ಸಿಟ್ಟು ಬರುತ್ತದೆ. ಮಕ್ಕಳಂತೆ ಬೆಳೆದವರು ಅತ್ತರೆ ಮನಸ್ಸು ಕರಗುತ್ತದೆ. ತನ್ನವರ ಎದುರಿಗೆ ಸಂಕೋಚವಿಲ್ಲದ್ದರಿಂದ ಹಸಿವು ಬಾಯಾರಿಕೆಗಳಲ್ಲಿ ನಿಯಮ ಸಡಿಲವಾಗುವ ಭಯವೂ ಇದೆ. ಪರಗಣದಲ್ಲಿ ಈ ಯಾವುದಕ್ಕೂ ಎಡೆಯಿಲ್ಲ. ಹೀಗಾಗಿ ಈ ಪಯಣದ ಮೊದಲ ಸಿದ್ಧತೆ ದಾರಿಯದಲ್ಲ, ಬಿಡುಗಡೆಯದು.

ದೂರದ ಅಳತೆಯ ವಿಷಯದಲ್ಲಿ ಒಂದು ಮಾತು. 700 ಯೋಜನವೆಂಬುದನ್ನು ಅತಿಶಯೋಕ್ತಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಶಿವಾರ್ಯರು ದೂರದ ಜೊತೆಗೆ ಕಾಲವನ್ನೂ ಹೇಳಿದ್ದಾರೆ: ಒಂದು, ಎರಡು, ಮೂರು ವರ್ಷಗಳಿಂದ ಹನ್ನೆರಡು ವರ್ಷಗಳವರೆಗೆ ಖೇದಪಡದೆ ಅರಸಬೇಕು. ಯೋಜನದ ಪ್ರಮಾಣ ದೇಶಕಾಲಗಳಿಗೆ ತಕ್ಕಂತೆ ಬೇರೆಯಾದರೂ, ನಾಲ್ಕು ಕ್ರೋಶಗಳ ಲೆಕ್ಕದಲ್ಲಿ ಸುಮಾರು 13 ಕಿಲೋಮೀಟರೆಂದು ಹಿಡಿದರೆ 700 ಯೋಜನ ಎಂದರೆ 9,100 ಕಿಲೋಮೀಟರ್. ವರ್ಷಾಯೋಗದ ನಾಲ್ಕು ತಿಂಗಳನ್ನು ಕಳೆದರೆ ವಿಹಾರಕ್ಕೆ ಉಳಿಯುವುದು ವರ್ಷಕ್ಕೆ ಎಂಟು ತಿಂಗಳು, ಸುಮಾರು 240 ದಿನ. ಗ್ರಾಮದಲ್ಲಿ ಒಂದು ರಾತ್ರಿ, ನಗರದಲ್ಲಿ ಐದು ರಾತ್ರಿ ಎಂಬ ಮೂಲಾಚಾರದ ವಾಸನಿಯಮವನ್ನೂ ಉಪವಾಸಗಳನ್ನೂ ಗಣಿಸಿ, ಅರ್ಧದಷ್ಟು ದಿನಗಳಲ್ಲಿ ಮಾತ್ರ, ದಿನಕ್ಕೆ 10 ಕಿಲೋಮೀಟರಿನಂತೆ ನಡೆದರೂ ವರ್ಷಕ್ಕೆ 1,200 ಕಿಲೋಮೀಟರ್ ಸಾಗುತ್ತದೆ. ಏಳೂವರೆ ವರ್ಷಕ್ಕೆ ಈ ದೂರ ಮುಗಿಯುತ್ತದೆ. ಹುಡುಕಾಟಕ್ಕೂ ಅಡ್ಡದಾರಿಗೂ ಇನ್ನೂ ನಾಲ್ಕೂವರೆ ವರ್ಷ ಉಳಿಯುತ್ತದೆ. ಆದುದರಿಂದ ಈ ಎರಡು ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತವೆ. ಯುಗಪ್ರಮಾಣ ಭೂಮಿಯನ್ನು ನೋಡುತ್ತ, ಹಗಲಿನಲ್ಲಿ, ಜನ ತುಳಿದ ದಾರಿಯಲ್ಲಿ ಈರ್ಯಾಸಮಿತಿಯಿಂದ ಸಾಗುವ ಮುನಿಯ ನಡಿಗೆಯನ್ನು ಬಲ್ಲವರೇ ಈ ಲೆಕ್ಕವನ್ನು ಹಾಕಿದ್ದಾರೆಂದು ನನ್ನ ಅಭಿಪ್ರಾಯ.

ದಾರಿಯಲ್ಲಿ ಅವನು ಹೇಗಿರಬೇಕು? ಏಕರಾತ್ರಿಕ ಪ್ರತಿಮೆಯಲ್ಲಿ, ಅಧ್ಯಯನದಲ್ಲಿ, ದಾರಿ ಕೇಳುವುದರಲ್ಲಿ ಕುಶಲನಾಗಿರಬೇಕು, ಮಲವಿಸರ್ಜನೆಗೆ ನಿರ್ಜಂತುಕವಾದ ಸ್ಥಂಡಿಲವನ್ನೂ ಕೂಡಿ ಇರಲು ತಕ್ಕ ಸಾಧುಗಳನ್ನೂ ಅರಿಯಬೇಕು, ಎಲ್ಲಿಯೂ ಅಂಟಿಕೊಳ್ಳಬಾರದು. ಅಪರಾಜಿತಸೂರಿಗಳ ವಿಜಯೋದಯಾ ಟೀಕೆಯು ಈ ಪ್ರತಿಮೆಯನ್ನು ವಿವರಿಸುತ್ತ, ಮೂರು ಉಪವಾಸಗಳ ಬಳಿಕ ನಾಲ್ಕನೆಯ ರಾತ್ರಿ ಊರ ಹೊರಗೆ ಅಥವಾ ಶ್ಮಶಾನದಲ್ಲಿ ಕಾಯೋತ್ಸರ್ಗದಲ್ಲಿ ನಿಲ್ಲುವುದನ್ನು ಹೇಳುತ್ತದೆ. ಓಲೆಗರಿಗಳನ್ನು ಓದುವವರು ಇಲ್ಲಿ ಎಚ್ಚರದಿಂದಿರಬೇಕು. ಗಾಹೆಯಲ್ಲಿನ ‘ಏಗರಾದಿಯ’ ಎಂಬುದು ಒಂದು ರಾತ್ರಿಯನ್ನು ಹೇಳುತ್ತದೆಯೇ ಹೊರತು ಒಬ್ಬನೇ ಎಂಬುದನ್ನಲ್ಲ. ಈ ಒಂದು ಶಬ್ದದ ಬಲದಿಂದ ನಿರ್ಯಾಪಕಾನ್ವೇಷಿಯನ್ನು ಏಕಾಕಿಯೆಂದು ನಿಶ್ಚಯಿಸುವುದು ಯುಕ್ತವಲ್ಲ. ಅವನು ಒಬ್ಬನೇ ಹೋದನೆಂದು ಒಪ್ಪಿದರೂ ವಿರೋಧವೇನೂ ಬಾರದು. ಏಕೆಂದರೆ ದೀರ್ಘಕಾಲ ಗಣವನ್ನು ಆಳಿದ ಆಚಾರ್ಯನಲ್ಲಿ ಮೂಲಾಚಾರವು ಏಕವಿಹಾರಿಗೆ ಬಯಸುವ ದೀಕ್ಷಾಬಲ, ಆಗಮಬಲಗಳು ಇದ್ದೇ ಇರುತ್ತವೆ. ಮೂಲಾಚಾರದ ನಿಷೇಧ ಸ್ವಚ್ಛಂದನಿಗೆ; ಆರಾಧನೆಯ ಅನುಜ್ಞೆ ಕೇಳಿ, ಬಿಡಿಸಿಕೊಂಡು, ಒಬ್ಬರನ್ನು ಉದ್ದೇಶಿಸಿ ಹೊರಟವನಿಗೆ.

ದಾರಿಯಲ್ಲಿಯೇ ಮಾತು ನಿಂತುಹೋದರೆ? ಅಥವಾ ಮರಣವೇ ಬಂದರೆ? ಶಿವಾರ್ಯರು ಈ ಪ್ರಶ್ನೆಯನ್ನು ತಾವೇ ಎತ್ತಿಕೊಂಡಿದ್ದಾರೆ. ಆಲೋಚನೆಯನ್ನು, ಅಂದರೆ ಗುರುವಿನ ಮುಂದೆ ದೋಷನಿವೇದನೆಯನ್ನು ಮಾಡಬೇಕೆಂಬ ಪರಿಣಾಮದಿಂದ ಹೊರಟವನು ನಡುದಾರಿಯಲ್ಲಿ ಮೂಕನಾದರೂ ಕಾಲವಶನಾದರೂ ಆರಾಧಕನೇ. ಅವನು ಹುಡುಕಿ ಹೊರಟ ಆಚಾರ್ಯನೇ ಆ ವೇಳೆಗೆ ಮೂಕನಾಗಿದ್ದರೂ ಗತಿಸಿದ್ದರೂ ಹಾಗೆಯೇ. ಹನ್ನೆರಡು ವರ್ಷಗಳ ನಡಿಗೆಯನ್ನು ವಿಧಿಸಿದ ಶಾಸ್ತ್ರವು ಅದು ಮುಗಿಯದೆ ಹೋಗಬಹುದೆಂಬುದನ್ನೂ ಎಣಿಕೆಗೆ ತಂದುಕೊಂಡಿದೆ.

ತಲುಪಿದವನನ್ನು ಕೂಡಲೇ ಸಂಸ್ತರಕ್ಕೆ ಏರಿಸುವುದಿಲ್ಲ. ಅತಿಥಿಯೂ ಆತಿಥೇಯರೂ ಮೂರು ದಿನ ಆವಶ್ಯಕಗಳಲ್ಲಿ, ಪ್ರತಿಲೇಖನದಲ್ಲಿ, ಮಾತಿನಲ್ಲಿ, ಭಿಕ್ಷಾಚರ್ಯೆಯಲ್ಲಿ ಒಬ್ಬರನ್ನೊಬ್ಬರು ಪರೀಕ್ಷಿಸಬೇಕು. ಹೆಸರು, ಕುಲ, ಗುರು, ದೀಕ್ಷೆಯ ಕಾಲ, ವರ್ಷಾವಾಸ, ಬಂದ ದಿಕ್ಕು ಇವನ್ನು ಕೇಳಬೇಕೆಂದು ಮೂಲಾಚಾರವೂ ಹೇಳುತ್ತದೆ. ನಿರ್ಯಾಪಕಾಚಾರ್ಯನು ರಾಜ್ಯ, ಕ್ಷೇತ್ರ, ಅಧಿಪತಿ, ಗಣ, ತನ್ನ ಶಕ್ತಿ ಎಲ್ಲವನ್ನೂ ನೋಡಿ, ಗಣವನ್ನು ಕೇಳಿ, ಆಮೇಲೆ ಒಪ್ಪುತ್ತಾನೆ. ಒಬ್ಬನು ಸಂಸ್ತರದಲ್ಲಿ, ಇನ್ನೊಬ್ಬನು ಸಲ್ಲೇಖನೆಯ ತಪಸ್ಸಿನಲ್ಲಿ ಇರುವಾಗ ಮೂರನೆಯವನನ್ನು ಒಪ್ಪುವಂತಿಲ್ಲ. ಪರಿಚಾರಕರು 48 ಮಂದಿ, ನಾಲ್ವರಂತೆ ಹನ್ನೆರಡು ಕಾರ್ಯಗಳಿಗೆ. ಅವರಲ್ಲಿ ನಾಲ್ವರ ಕೆಲಸ ದೇಶದ ವಾರ್ತೆಯನ್ನು ಅರಿಯುತ್ತಿರುವುದು. ಕಾಲ ಹೀನವಾದಂತೆ ಈ ಸಂಖ್ಯೆ ನಾಲ್ಕಕ್ಕೆ, ಕಡೆಗೆ ಎರಡಕ್ಕೆ ಇಳಿಯಬಹುದು. ಒಬ್ಬನೇ ನಿರ್ಯಾಪಕನಾಗುವುದನ್ನು ಮಾತ್ರ ಶಿವಾರ್ಯರು ಒಪ್ಪುವುದಿಲ್ಲ. ಅವನು ಭಿಕ್ಷೆಗೆ ಹೋದರೆ ಕ್ಷಪಕನ ಬಳಿ ಯಾರೂ ಇಲ್ಲ. ಹೋಗದಿದ್ದರೆ ಅವನೇ ಉಳಿಯುವುದಿಲ್ಲ.

ಈ ಹಿನ್ನೆಲೆಯಲ್ಲಿ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 600ರ ಶಾಸನವನ್ನು ಮತ್ತೆ ಓದಬೇಕು. ಆರ್. ನರಸಿಂಹಾಚಾರ್ಯರ 1923ರ ಎಪಿಗ್ರಾಫಿಯ ಕರ್ನಾಟಿಕ ಎರಡನೆಯ ಸಂಪುಟದಲ್ಲಿ ಅದು ಮೊದಲನೆಯದು. ಅಲ್ಲಿ ಬರುವ ಪ್ರಭಾಚಂದ್ರರು ಯಾರೆಂಬ ದೀರ್ಘ ವಿವಾದ ಇಲ್ಲಿ ಅಪ್ರಸ್ತುತ. ಆಯುಸ್ಸು ಸ್ವಲ್ಪವೇ ಉಳಿದಿದೆಯೆಂದು ತಿಳಿದ ಆಚಾರ್ಯರು ಸಂಘವನ್ನೆಲ್ಲ ಮುಂದಕ್ಕೆ ಕಳುಹಿಸಿ, ಒಬ್ಬ ಶಿಷ್ಯನೊಡನೆ ಕಟವಪ್ರದಲ್ಲಿ ಉಳಿದರೆಂಬುದು ಶಾಸನದ ಮಾತು. ಸಂಘವನ್ನು ಬಿಡುವ ಮುನ್ನ ಅದು ಬಳಸುವ ಕ್ರಿಯಾಪದ ‘ಆಪೃಚ್ಛ್ಯ’. ಆಪೃಚ್ಛೆಯೆಂಬುದು ದಶವಿಧ ಸಮಾಚಾರಗಳಲ್ಲಿ ಒಂದು. ‘ಕೇಳಿ’ ಎಂಬ ಲೋಕರೂಢಿಯ ಅರ್ಥವಷ್ಟೇ ಅದಕ್ಕಿಲ್ಲ. ಸಮಾಧಿಯನ್ನು ಹೇಳುವಲ್ಲಿಯೂ ಆರಾಧನೆಯ ಧಾತುವೇ ಬಂದಿದೆ. ಶಾಸನಕವಿಯ ಮುಂದೆ ಆಚಾರಶಾಸ್ತ್ರದ ಪರಿಭಾಷೆ ಇತ್ತೆಂಬುದು ಸ್ಪಷ್ಟ. ಆದರೆ ಕ್ರಮ ತಿರುವುಮುರುವಾಗಿದೆ: ಆರಾಧನೆಯಲ್ಲಿ ಗಣ ನಿಲ್ಲುತ್ತದೆ, ಆಚಾರ್ಯ ನಡೆಯುತ್ತಾನೆ, ಇಲ್ಲಿ ಆಚಾರ್ಯ ನಿಲ್ಲುತ್ತಾನೆ, ಗಣ ನಡೆಯುತ್ತದೆ. ಒಂಬತ್ತು ದೋಷಗಳು ತಪ್ಪುವುದು ಎರಡರಲ್ಲಿಯೂ ಸಮಾನ. ಉಳಿದ ಒಬ್ಬ ಶಿಷ್ಯನ ವಿಷಯ ಮಾತ್ರ ತೊಡಕಿನದು. ಇದು ಭಕ್ತಪ್ರತ್ಯಾಖ್ಯಾನವಾದರೆ ಇಬ್ಬರು ನಿರ್ಯಾಪಕರ ಕನಿಷ್ಠ ನಿಯಮಕ್ಕೆ ಇದು ಕಡಿಮೆ. ಪರರ ಸೇವೆಯನ್ನು ಒಲ್ಲದ ಇಂಗಿನೀಮರಣವಾದರೆ ಆ ನಿಯಮ ಅನ್ವಯಿಸುವುದೇ ಇಲ್ಲ. ಶಾಸನದ ಸಂನ್ಯಸನಶಬ್ದ ಎರಡಕ್ಕೂ ಸಲ್ಲುತ್ತದೆ.

ಅದೇ ಬೆಟ್ಟದ ಕಿರಿಯ ಕನ್ನಡ ಶಾಸನಗಳು ಬೇರೆ ಬಗೆಯವು. ಅದೇಯರೇನಾಡ ಚಿತ್ತೂರಿನ ಮೌನಿಗುರವಡಿಗಳ ಶಿಷ್ಯೆ ನಾಗಮತಿ ಗಂತಿಯರು ಮೂರು ತಿಂಗಳು ನೋಂತು ಮುಡಿಪಿದರು. ನವಿಲೂರು, ಕೊಳತ್ತೂರು, ಕಿತ್ತೂರು ಸಂಘಗಳ ಹೆಸರುಗಳು ಬರುತ್ತವೆ. ಊರಿನ ಹೆಸರು, ಗುರುವಿನ ಹೆಸರು, ನೋಂಪಿಯ ಅವಧಿ ಇವು ಆತಿಥೇಯ ಗಣವು ಬಂದವರನ್ನು ಕೇಳಬೇಕಾಗಿದ್ದ ಪ್ರಶ್ನೆಗಳ ಉತ್ತರಗಳಂತಿವೆ. ದಾರಿಯ ಬಗೆಗೆ ಒಂದಕ್ಷರವೂ ಇಲ್ಲ. ಇವುಗಳಿಂದ ಒಂಟಿ ಯಾತ್ರಿಕರ ಚಿತ್ರವನ್ನು ಕಟ್ಟುವುದಕ್ಕಿಂತ, ಪರಗಣದಲ್ಲಿ ಒಪ್ಪಿಗೆ ಪಡೆದವರ ದಾಖಲೆಗಳೆಂದು ಇವನ್ನು ಓದುವುದು ಹೆಚ್ಚು ಸಮಂಜಸ. ಮೂಲಾಚಾರಕ್ಕೆ ಮೇಘಚಂದ್ರರು ಬರೆದ ಮುನಿಜನಚಿಂತಾಮಣಿಯೆಂಬ ಕನ್ನಡ ಟೀಕಿನ ಪ್ರತಿಗಳನ್ನು ಪರಿಶೀಲಿಸುವವರು ಏಕವಿಹಾರದ ಗಾಹೆಗಳಿಗೂ ಆಗಂತುಕಪರೀಕ್ಷೆಯ ಗಾಹೆಗಳಿಗೂ ಬಂದಿರುವ ಕನ್ನಡ ಶಬ್ದಗಳನ್ನು ಈ ಶಾಸನಗಳ ಶಬ್ದಗಳೊಡನೆ ಇಟ್ಟು ನೋಡಿದರೆ ಈ ಊಹೆಯ ಬಲಾಬಲ ತಿಳಿಯುತ್ತದೆ.